ಎಪ್ಪತ್ತೇಳು

ಗೆಜ್ಜಲಗೆರೆಯ ನಮ್ಮ ಕಾರ್ಖಾನೆಗೆ ಬೆಳಗಾಗುವುದು
ನನ್ನ ಕಿಟಕಿಯ ಪಕ್ಕ,
ಅಂಗೈಯಗಲದ ಯಂತ್ರದಲ್ಲಿ.
ಬೆರಳಿಟ್ಟರೆ ಹಸಿರು, ಒಳಗೆ ಹೋಗು.
ಕೆಂಪಾದರೆ ಒರೆಸಿಕೊಂಡು ಇನ್ನೊಮ್ಮೆ ಇಡು.
ಕೊಪ್ಪದ ವ್ಯಾನು, ಬೆಸಗರಹಳ್ಳಿಯ ವ್ಯಾನು,
ಎಂಟೂವರೆಗೆ ಐದು ನಿಮಿಷವಿರುವಾಗ
ಒಟ್ಟಿಗೇ ಸುರಿಯುತ್ತವೆ ಆರುನೂರು ಹೆಬ್ಬೆರಳು.

ನಾನು ಟೈಮ್ ಆಫೀಸಿನವನು. ಗುಂಡಿ ಹಾಕಲೂ ಬಾರದು.
ದಿನಗಳನ್ನು ಹೊಲಿಯುತ್ತೇನೆ:
ಏಪ್ರಿಲ್ಲಿನಿಂದ ಸೆಪ್ಟೆಂಬರಿಗೆ ಒಂದು ತುಂಡು,
ಅಕ್ಟೋಬರಿನಿಂದ ಮಾರ್ಚಿಗೆ ಇನ್ನೊಂದು.
ಒಂದೊಂದೂ ಎಪ್ಪತ್ತೆಂಟು ದಿನ ಉದ್ದ ಇರಬೇಕು.
ಇದ್ದರೆ, ಮಲಗಿದವರ ಮನೆಗೂ
ಇಎಸ್‌ಐಯಿಂದ ಸಂಬಳದ ಬಹುಪಾಲು ಬರುತ್ತದೆ.
ಒಂದು ದಿನ ಗಿಡ್ಡವಾದರೂ
ಮೈ ಮುಚ್ಚುವುದಿಲ್ಲ.

ಜನವರಿಯಲ್ಲಿ ಬಂದಳು ಶಿವನಂಜಮ್ಮ,
ಏಳನೇ ಲೈನು, ಕಾಲರಿಗೆ ಇಸ್ತ್ರಿ.
ಗರ್ಭಕೋಶದ ಆಪರೇಷನ್ನು.
ಮೈಸೂರಿನ ಆಸ್ಪತ್ರೆಯಲ್ಲಿ ದಿನ ಗೊತ್ತಾಗಿದೆ.
ಆಮೇಲೆ ಆರು ವಾರ ಬಿಂದಿಗೆ ಕೂಡ ಎತ್ತಬಾರದು.
‘ಕುಯ್ಯೋದು ಬಿಟ್ಟಿಯಂತೆ ಸಾ,
ಮನೀಕಳದೇ ದುಬಾರಿ.
ಆ ದುಡ್ಡು ಬತ್ತದಾ, ವಸಿ ನೋಡಿ.’

ನೋಡಿದೆ. ಎಪ್ಪತ್ತೇಳು.
ಪರದೆ ಆರಿಸಿ, ಹೊತ್ತಿಸಿ, ನೋಡಿದೆ.
ಎಪ್ಪತ್ತೇಳು.

ಅವಳು ಅಳಲಿಲ್ಲ. ಊಟದ ಚೀಲದಿಂದ
ಮಗನ ಹಳೆಯ ಗಣಿತದ ಪುಸ್ತಕ ತೆಗೆದಳು.
ಚೌಕದ ಹಾಳೆ. ಒಂದು ಮನೆಗೆ ಒಂದು ದಿನ,
ಆವತ್ತು ಇಸ್ತ್ರಿ ಮಾಡಿದ ಅಂಗಿಯ ನೂಲಿನ ಚೂರು
ಅನ್ನದ ಅಗುಳಿನಲ್ಲಿ ಅಂಟಿಸಿದ್ದು.
ಏಪ್ರಿಲ್ ಖಾಲಿ, ಮೇ ಖಾಲಿ.
‘ಆರ್ಡರಿಲ್ಲ, ಹೇಳಿಕಳಿಸ್ತೀವಿ’ ಎಂದವರು ನಾವೇ.
ಜೂನಿನ ಕೊನೆಗೆ ನಾಲ್ಕು ನೀಲಿ.
ಜುಲೈಯಿಂದ ಹೊಲ ತುಂಬಿದ ಹಾಗೆ ತುಂಬಿತ್ತು;
ಹಡಗು ತಪ್ಪುತ್ತದೆಂದು ರಾತ್ರಿ ಹತ್ತರ ತನಕ
ನಿಲ್ಲಿಸಿಕೊಂಡ ದಿನಗಳಲ್ಲಿ
ಒಂದೇ ಮನೆಗೆ ಎರಡೆರಡು ನೂಲು.

‘ಎರಡಿದ್ರೂ ಒಂದೇ ದಿನವಾ?’
ಒಂದೇ.
‘ಹದಿಮೂರು ಗಂಟೆ ನಿಂತಿದ್ರೂವೆ?’
ಓಟಿ ದುಡ್ಡು ಬಂದಿದೆಯಲ್ಲಮ್ಮ. ದಿನ ಅಂದರೆ ದಿನ.
‘ಊ ಕಣ್ಸಾ, ಇವತ್ತು ಎರಡು ಮುದ್ದೆ ಉಂಡ್ರೆ
ನಾಳಿನ ಹಸಿವು ತೀರದ್ದ?’
ಎಂದು ನನಗೇ ಸಮಾಧಾನ ಹೇಳಿದಳು.

ಇಬ್ಬರೂ ಎಣಿಸಿದೆವು.
ನೂಲಿದ್ದ ಮನೆಗಳು ಎಪ್ಪತ್ತೆಂಟು.

ಆಗಸ್ಟಿನ ಒಂದು ಬುಧವಾರ, ಪಾಚಿ ಹಸಿರು,
ಯಂತ್ರದಲ್ಲಿಲ್ಲ.
‘ಆವತ್ತು ನಿಮ್ಮ ಮಿಸಿನ್ನು ನನ್ನ ಗುರ್ತು ಹಿಡೀನಿಲ್ಲ.
ಮೂರು ಸಲ ಇಟ್ಟೆ. ನೀವೇ ಅಂದ್ರಿ,
ಹೋಗು ಹೋಗು, ಆಮೇಲೆ ಬರ್ಕೋತೀನಿ.’
ಹೆಬ್ಬೆರಳು ಚಾಚಿದಳು.
ಕಾಲರುಗಳ ಹಬೆ ಅದರ ಗೆರೆಗಳನ್ನೆಲ್ಲ
ಮಡಿಕೆಯಿಲ್ಲದಂತೆ ಇಸ್ತ್ರಿ ಮಾಡಿತ್ತು.

ಹಾಗೆ ನಾನು ದಿನಕ್ಕೆ ಎಷ್ಟು ಜನಕ್ಕೆ ಅನ್ನುತ್ತೇನೋ!
ಅದಕ್ಕೆ ಲೆಕ್ಕವಿಟ್ಟವರಿಲ್ಲ.

ತಿದ್ದುಪಡಿಯ ಅರ್ಜಿ. ಮ್ಯಾನೇಜರರ ಸಹಿ,
ಸೂಪರ್‌ವೈಸರರ ಸಹಿ, ಆ ದಿನದ ಕಾಲರುಗಳ ಲೆಕ್ಕ.
‘ಕಾರಣ’ ಎಂಬಲ್ಲಿ ಬೆರಳಗಲದ ಜಾಗ.
‘ಬೆರಳು ಸವೆದಿದೆ’ ಎಂದು ಬರೆದು ಹೊಡೆದುಹಾಕಿದೆ.
‘ಯಂತ್ರದ ದೋಷ’ ಎಂದು ಬರೆದೆ. ಅದನ್ನೂ.
ಹೊಸ ಹಾಳೆ ತಂದು
‘ನಾನು ಬರೆಯಲು ಮರೆತೆ’ ಎಂದು
ನನ್ನ ನಂಬರು ಹಾಕಿದೆ.
ನೂಲಿನ ಹಾಳೆಯನ್ನೂ ಲಗತ್ತಿಸೋಣ ಎಂದರೆ ಕೊಡಲಿಲ್ಲ,
ಹಿಂದುಗಡೆ ಮಗನ ಭಾಗಾಕಾರ ಇತ್ತು.

ಫೆಬ್ರವರಿ ನಾಲ್ಕಕ್ಕೆ ಅವಳು ಮೈಸೂರಿಗೆ ಹೋದಳು.
ಅರ್ಜಿ ಇನ್ನೂ ಬಂದಿಲ್ಲ, ಬಂದಿಲ್ಲವೆಂದೂ ಹೇಳಿಲ್ಲ.
ಏಳನೇ ಲೈನಿನ ಕಾಲರಿಗೆ ಹೊಸ ಹುಡುಗಿ.
ಮೊನ್ನೆ ಅವಳ ಬೆರಳಿಗೂ ಯಂತ್ರ ಕೆಂಪಾಯಿತು.
‘ಹೋಗು ಹೋಗು’ ನಾಲಗೆಯ ತುದಿಗೆ ಬಂದಿತ್ತು.
‘ತಡಿ’ ಎಂದೆ. ಪೆನ್ನು ಸಿಗಲಿಲ್ಲ.
ಹಿಂದೆ ಸಾಲು ಗೊಣಗುತ್ತಿತ್ತು, ಎಂಟೂವರೆ ಆಗುತ್ತಿತ್ತು,
ನಾನು ಡ್ರಾಯರುಗಳನ್ನು ಒಂದೊಂದಾಗಿ ಎಳೆಯುತ್ತಲೇ ಇದ್ದೆ.