ಸರಾಸರಿ

ನಂತೂರಲ್ಲಿ ನಿಂತ ಬಸ್ಸು ನಿಂತೇ ಇದೆ.
ಎಂಜಿನ್ ಪೆಟ್ಟಿಗೆಯ ಬಿಸಿಯ ಮೇಲೆ ಪುಸ್ತಕ ಬಿಡಿಸಿ
ರಿಯೋನಾ ಬರೆದಳು:
ಹೋಗುವಾಗ ನಲವತ್ತು, ಬರುವಾಗ ಅರವತ್ತು,
ಸರಾಸರಿ ವೇಗ ಐವತ್ತು.

"ತಪ್ಪು ಮಾರಾಯ್ತಿ."
ಕಂಡಕ್ಟರ್ ಐತಪ್ಪ ಕಿವಿಯಿಂದ ಪೆನ್ನು ತೆಗೆದ.
ಯಾರೋ ಬಿಟ್ಟುಹೋದ ಟಿಕೆಟಿನ ಬೆನ್ನಿಗೆ ಗೀಚಿದ:
ದೂರ ನೂರಿಪ್ಪತ್ತು ಅಂತ ಇಟ್ಟುಕೊ.
ಹೋಗಲು ಮೂರು ಗಂಟೆ, ಬರಲು ಎರಡು.
ಈಗ ಇನ್ನೂರ ನಲವತ್ತನ್ನು ಐದರಿಂದ ಭಾಗಿಸು.

ನಲವತ್ತೆಂಟು.

"ಮತ್ತೆ ಆ ಎರಡು ಎಲ್ಲಿಗೆ ಹೋಯಿತು?"

ಚಿಲ್ಲರೆ ಚೀಲ ಕುಲುಕಿಸುತ್ತ ಕಿಟಕಿಯಾಚೆ ನೋಡಿದ,
ಹತ್ತನೇ ಕ್ಲಾಸಿನ ಲೆಕ್ಕಕ್ಕೆ ಮೂರು ಸಲ ಕೂತವ:
"ನಿಧಾನದಲ್ಲೇ ಅಲ್ವಾ
ನಾವು ಹೆಚ್ಚು ಹೊತ್ತು ಇರುವುದು?"

ಮುಂದಿನ ಲಾರಿ ಒಂದು ಗೇಣು ಸರಿಯಿತು.
"ರೈಟ್, ಪೋಯಿ!"