ಒಂದು ಸೊನ್ನೆ

ಡಿಪೋ ಮೆಸೇಜನ್ನು ಮೂರು ಸಲ ಓದಿದೆ
ಗೂಳೂರಿನ ಟ್ರಿಪ್ಪು ಮುಗಿಯುವುದರೊಳಗೆ.
ದಿನವಿಡೀ ಊರವರ ದುಡ್ಡು ಎಣಿಸುವ ಬೆರಳು
ನನ್ನದನ್ನು ಎಣಿಸಹೋದರೆ ನೋಟೇ ಇಲ್ಲ,
ಬರೀ ಐದು ಅಂಕಿ.

ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಪೋತುಲವ್ವ
ತಲೆಯೆತ್ತದೆ ಕೇಳಿದಳು:
"ಜೀತಂ ಎಂತ ಮ್ಮೇ?"

ಬಾಗೇಪಲ್ಲಿ ಹೀಗೇ.
ಮನೆಯಲ್ಲಿ ತೆಲುಗು, ಬಸ್ಸಿನಲ್ಲಿ ಕನ್ನಡ,
ನಡುವೆ ಒಂದು ಸೊನ್ನೆ.
ಅದಿದ್ದರೆ ತಿಂಗಳ ಸಂಬಳ,
ಉದುರಿದರೆ ತಾತ:
ನೂರೈವತ್ತು ರೂಪಾಯಿಗೆ ಹನ್ನೊಂದು ವರ್ಷ
ರೆಡ್ಡಪ್ಪನವರ ಕೊಟ್ಟಿಗೆಯಲ್ಲಿ
ಎತ್ತುಗಳಿಗಿಂತ ಮೊದಲು ಎದ್ದವನು.
ಅವನ ಕಥೆಗೂ ಅವ್ವನಿಗೆ ಅದೇ ಪದ,
ದನಿ ಮಾತ್ರ ಬೇರೆ.

"ಜೀತ ಅನ್ನಬೇಡ. ಸಂಬಳ ಅನ್ನು," ಎಂದೆ,
ಟಿಕೆಟ್ ಕೇಳುವಷ್ಟು ಜೋರಾಗಿ.
"ಸಂಬಳಂ," ಎಂದಳು,
ಅದಕ್ಕೂ ಒಂದು ಸೊನ್ನೆ ಅಂಟಿಸಿ.

ಆಮೇಲೆ ಸುಮಾರು ಹೊತ್ತು ಸಿಪ್ಪೆಯ ಸದ್ದು.

"ರಜಾ ಉಂಟಾ?"
ವಾರಕ್ಕೊಂದು.
"ಆವತ್ತಿನ ದುಡ್ಡು ಹಿಡೀತಾರಾ?"
ಇಲ್ಲವ್ವಾ, ಕೊಡ್ತಾರೆ.
"ಸುಮ್ನೆ ಕೂತಿದ್ದಕ್ಕೆ?"
ಸುಮ್ನೆ ಕೂತಿದ್ದಕ್ಕೆ.

ಸುಲಿದ ಕಾಳೊಂದು ಹೆಬ್ಬೆರಳಲ್ಲೇ ಉಳಿಯಿತು.
ಜ್ವರ ಬಂದ ದಿನವನ್ನೂ ತಾತನ ಲೆಕ್ಕಕ್ಕೆ ಸೇರಿಸಿ
ವರ್ಷದ ಕೊನೆಗೆ ತಿರುಗಿ ದುಡಿಸಿಕೊಂಡಿದ್ದರಂತೆ.
ಅದನ್ನು ಅವಳು ಇವತ್ತು ಹೇಳಲಿಲ್ಲ.

"ಹಂಗಾದ್ರೆ ಅಲ್ಲ ಬಿಡು,"
ಎಂದಳು, ಕನ್ನಡದಲ್ಲೇ.
ಯಾವುದು ಅಲ್ಲ ಎಂದು ನಾನು ಕೇಳಲಿಲ್ಲ.
ಮೊರ ನನ್ನ ಕಡೆ ತಳ್ಳಿದಳು.
ನಾಳೆ ಮೊದಲ ಟ್ರಿಪ್ಪು ಐದೂವರೆಗೆ;
ಚಿಲ್ಲರೆ ಇನ್ನೂ ಹೊಂದಿಸಿಲ್ಲ.