ಬಳೆ ತೆಗೆಯದ ಕೈ

ಬೆಳಕುಪೆಟ್ಟಿಗೆಯ ಸ್ವಿಚ್ಚು ಒತ್ತಿದರೆ
ಮೊದಲು ಕಣ್ಣು ಪಿಳುಕಿಸುತ್ತದೆ, ಆಮೇಲೆ ಹತ್ತುತ್ತದೆ.
ಹಾಸನದ ಈ ಕಾಲೇಜಿನಲ್ಲಿ
ನನಗಿಂತ ಹಳತು ಅದೊಂದೇ.

ಹೊಸಬರಿಗೆ ಗೋಡೆಯಗಲ ಪರದೆಯಿದೆ.
ಬೆರಳಾಡಿಸಿದರೆ ಚರ್ಮ ಸರಿಯುತ್ತದೆ, ಸ್ನಾಯು ಸರಿಯುತ್ತದೆ,
ಗುಂಡಿಗೆ ಬುಗುರಿಯ ಹಾಗೆ ತಿರುಗುತ್ತದೆ.
ಸೀಟಿ ಸ್ಕ್ಯಾನೆಂದರೇನು ಎಂದು ಕೇಳಿದೆ.
ಆಲೂಗೆಡ್ಡೆ ಮಂಡಿಯ ಮನೆಯ ಹುಡುಗ ಧರಣೇಶ ಎದ್ದ:
"ಗೆಡ್ಡೇನ ಹೆಚ್ಚದೇನೇ ಬಿಲ್ಲೆ ಬಿಲ್ಲೆ ನೋಡೋದು ಮೇಡಂ.
ಒಳಗೆ ಕಪ್ಪಿದೆಯೋ ಇಲ್ಲವೋ,
ಮೂಟೆ ಕೊಳ್ಳೋ ಮೊದಲೇ ಬೇಕಿತ್ತು ನಮ್ಮಪ್ಪನಿಗೆ."
ನಗು. ನಾನೂ ನಕ್ಕೆ.
ಹದಿನೆಂಟು ವರ್ಷದಲ್ಲಿ ಇಷ್ಟು ಚೆನ್ನಾಗಿ
ನಾನು ಹೇಳಿರಲಿಲ್ಲ.

ಆಮೇಲೆ ಮುನೀರ್ ಸಾಬರ ಲಕೋಟೆ ತೆಗೆದೆ.
ಜಿಲ್ಲಾಸ್ಪತ್ರೆಯ ಕತ್ತಲೆಕೋಣೆಯಲ್ಲಿ ಕೆಂಪು ದೀಪದಡಿ
ಮೂವತ್ತು ಮಳೆಗಾಲ ಫಿಲ್ಮು ತೊಳೆದವರು,
ಉಗುರಿನ ಸುತ್ತ ಕಂದು ಕಲೆ ಹೋಗಲೇ ಇಲ್ಲ.
ನಿವೃತ್ತಿಯ ದಿನ ಕೈಗಿತ್ತರು:
"ಚೆನ್ನಾಗಿದ್ದವನ್ನೆಲ್ಲ ಬೆಳ್ಳಿ ತೆಗೆಯೋರು ಒಯ್ದರಮ್ಮ.
ಇದು ಕೆಟ್ಟ ಫಿಲ್ಮು. ಉಳೀತು."

ಒಂದು ಕೈ.
ಮೂಲೆಯಲ್ಲಿ ಬಿಳಿ ಶಾಯಿ: ದ್ಯಾವೀರಮ್ಮ, ದುದ್ದ, ೧೯೭೮.
ಮಣಿಕಟ್ಟಿನ ಎಂಟು ಪುಟ್ಟ ಎಲುಬು
ಹುಣಿಸೆಬೀಜ ಚೆಲ್ಲಿದ ಹಾಗೆ.
ಇದು ದೋಣಿ, ಇದು ಚಂದ್ರ, ಇಗೋ ಬಟಾಣಿ.

"ಈ ಗೆರೆ ಮೇಡಂ? ಬಿಲ್ಲಿನ ಹಾಗೆ ಅಡ್ಡ ಹೋಗಿದೆ.
ಇಲ್ಲೇ ಮುರಿದಿರೋದಾ?"
ಅಲ್ಲ ಫರ್ಹಾನಾ. ಮುರಿದದ್ದು ಅದರ ಪಕ್ಕ, ಅರ್ಧ ಅಂಗುಲ ಆಚೆ.
ಇದು ಬಳೆ.
ಗಾಜಿನದು. ಎರಡು.

ತೆಗೆಯಲು ಬರಲಿಲ್ಲ, ಕೈ ಊದಿತ್ತು.
ಒಡೆಯಲೇ ಎಂದರೆ
(ಇದನ್ನು ಸಾಬರ ಬಾಯಲ್ಲೇ ಕೇಳಬೇಕಿತ್ತು ನೀವು)
"ಮುರಿದ ಕೈನೇ ಹಿಂದಕ್ಕೆ ಎಳಕೊಂಡ್ಳು ಪುಣ್ಯಾತ್ಗಿತ್ತಿ.
ಗಂಡ ಹೊರಗೆ ಎತ್ತು ಹಿಡಕೊಂಡು ನಿಂತಿದ್ದ, ಜೀವಂತ.
ನಾನು ಕೆಲಸಕ್ಕೆ ಸೇರಿ ಹದಿನೈದು ದಿನ.
ಹಾಗೇ ತೆಗೆದುಬಿಟ್ಟೆ."
ಡಾಕ್ಟರು ಬೈದರಂತೆ. ಪಟ್ಟಿ ಕಟ್ಟುವಾಗ ಬಳೆ ಏನಾಯಿತೋ
ಸಾಬರಿಗೂ ಗೊತ್ತಿಲ್ಲ.
ಎಲುಬು ಒಡೆದು ಗಾಜು ಹೇಗೆ ಉಳಿಯಿತೋ
ನನಗೆ ಗೊತ್ತಿಲ್ಲ.

ಹಳೇಬೀಡಿನ ಗೋಡೆಯಲ್ಲಿ ಬೇತಾಳನಿದ್ದಾನಲ್ಲ,
ಪಕ್ಕೆಲುಬಿನ ಸಂದಿಯಲ್ಲಿ ಕಡ್ಡಿ ತೂರಿಸಬಹುದು,
ಹೋದ ವರ್ಷದ ಬ್ಯಾಚು ಅವನ ಮುಂದೆ ನಿಂತು
ಎಣಿಸಿ ಎಣಿಸಿ ಜಗಳವಾಡಿತು.
ಹನ್ನೆರಡಿಲ್ಲ ಎಂದು ಒಬ್ಬಳು ಶಿಲ್ಪಿಗೆ ನಪಾಸು ಕೊಟ್ಟಳು.
ಕೊಡಲಿ. ಆದರೆ ಅವನು
ಯಾವ ಸುಡುಗಾಡಿನ ಅಂಚಿನಲ್ಲಿ ಕೂತು ನೋಡಿದ್ದನೋ,
ಯಾರ ಕಣ್ಣು ತಪ್ಪಿಸಿ,
ಎಷ್ಟು ಹೊತ್ತು.

ಮತ್ತೆ ಪರದೆ. ಹೊಟ್ಟೆಯ ಬಿಲ್ಲೆ.
ಧರಣೇಶ ಎಡಬಲ ತಪ್ಪಿದ,
ಪಿತ್ತಜನಕಾಂಗ ಎಡಗಡೆ ಅಂದ.
ಎಲ್ಲರೂ ತಪ್ಪುತ್ತಾರೆ, ನಾನೂ ತಪ್ಪಿದ್ದೆ.
ನೋಡು, ನೀನು ತಲೆಯ ಕಡೆ ಇಲ್ಲ.
ಮಲಗಿದವರ ಕಾಲ ಬಳಿ ನಿಂತು ಮೇಲಕ್ಕೆ ನೋಡುತ್ತಿದ್ದೀಯ.
ಅವರ ಬಲ ನಿನ್ನ ಎಡ.

"ಕಾಲ ಹತ್ರಾನಾ?" ಎಂದವನು
ಯಾಕೋ ಒಮ್ಮೆ ತನ್ನ ಚಪ್ಪಲಿ ನೋಡಿಕೊಂಡ.